ಜಾವಾ ಪಕ್ಕದ ಬಡ ಪುಟಗಳು

ವೇದಿಕೆಯ ಮೆತ್ತನೆ ಕುರ್ಚಿಯಲ್ಲಿರುವ ಮಾನ್ಯ ಮೇಯರ್ ಅವರೇ, ಇನ್ನೇನು ಸನ್ಮಾನದ ಫಲಕ ಪಡೆಯಲಿರುವ ಇಂಜಿನಿಯರ್ ದಾಂತೆ ಪಲ್ಮೇರಾ ಅವರೇ, ಭಾಷಣ ಮುಗಿದು ಪಾನ್ಸಿತ್ ನೂಡಲ್ಸ್ ತಟ್ಟೆ ಯಾವಾಗ ಬರುತ್ತದೋ ಎಂದು ಕಾಯುತ್ತಿರುವ ಸಭಿಕರೇ, ಕೊನೆಯ ಸಾಲಿನಲ್ಲಿ ಕೂತಿರುವ ಮೀನು ಮಾರುವ ನಮ್ಮೆಲ್ಲರ ಅಕ್ಕ, ಮನಾಂಗ್ ತರ್ಸಿಂಗ್ ಅವರೇ,

ನಾನು ಎಡ್ನಾ ಮಗ್‌ಬನುವಾ. ಈ ಪಟ್ಟಣಸಭೆಯ ವೆಬ್‌ಸೈಟ್ ನೋಡಿಕೊಳ್ಳುವವಳು. ಹದಿನೇಳು ವರ್ಷದಿಂದ ಗುತ್ತಿಗೆ. ಆರು ತಿಂಗಳಿಗೊಮ್ಮೆ ನನ್ನ ಕೆಲಸ ಸಾಯುತ್ತದೆ, ಮೇಯರ್ ಸಹಿ ಬಿದ್ದರೆ ಮತ್ತೆ ಹುಟ್ಟುತ್ತದೆ. ಈ ಸಲದ ಸಹಿ ಇನ್ನೂ ಬಿದ್ದಿಲ್ಲ. ಬದಲಿಗೆ ಒಂದು ಹಾಳೆ ಕೊಟ್ಟಿದ್ದಾರೆ. "ಚಂಡಮಾರುತದ ದಿನ ತಪ್ಪು ಆಶ್ರಯತಾಣ ತೋರಿಸಿದ್ದು ಹಳೆಯ ಪುಟಗಳ ದೋಷ" ಎಂದು ನಾನು ಓದಬೇಕಂತೆ. ಓದಿದರೆ ಸಹಿ. ಈ ಸೆಕೆಯಲ್ಲಿ ಹಾಳೆ ಗಾಳಿ ಬೀಸಿಕೊಳ್ಳಲು ಚೆನ್ನಾಗಿದೆ.

ಯಾವುವು ಆ ಹಳೆಯ ಪುಟಗಳು? ಒಂದೇ ಸರ್ವರ್‌ನಲ್ಲಿ ಅಕ್ಕಪಕ್ಕ ಎರಡು ಸಂಸಾರ ನಡೆಸುತ್ತಿದ್ದೆ. ತೆರಿಗೆ, ಪರವಾನಗಿ ಕೇಳಿ ಬಂದವರು ಒಳಗೆ, ಜಾವಾ ಎಂಬ ಭಾರೀ ಪ್ರೋಗ್ರಾಮ್ ಹತ್ತಿರ. ಆಶ್ರಯತಾಣ ಎಲ್ಲಿ, ಆಂಬುಲೆನ್ಸ್ ನಂಬರ್ ಏನು ಎಂದು ಕೇಳಿದವರಿಗೆ ಬಾಗಿಲಲ್ಲೇ ಸಾದಾ ಪುಟ. ಸಮುದ್ರಕ್ಕೆ ಇಳಿಯಬಹುದೇ ಎಂದು ಹೇಳಲು ನಾನೇ ಬರೆದ ಪುಟ್ಟ ಸ್ಕ್ರಿಪ್ಟ್. ಜಾವಾ ಮಹಾಶಯರು ವಾರಕ್ಕೆರಡು ಸಲ ಮೂರ್ಛೆ ಹೋಗುತ್ತಿದ್ದರು. ನನ್ನ ಬಡ ಪುಟಗಳು ಪಕ್ಕದಲ್ಲಿ ನಿಂತೇ ಇರುತ್ತಿದ್ದವು.

ಆಗ ಇಂಜಿನಿಯರ್ ಅವರ ಸವಾರಿ ಬಂತು. ನನ್ನನ್ನು ಅವರು ಕರೆಯುವುದು ಇಂದಾಯ್, ಅಂದರೆ ಹುಡುಗಿ, ಅಂತ.

"ಇದೇನು ಇಂದಾಯ್, ಬರೀ ಅಕ್ಷರ? ಸಂತೆ ಬೋರ್ಡ್ ಇದ್ದಂಗಿದೆ. ಎಲ್ಲಾ ಜಾವಾ ಒಳಗೆ ತುಂಬು. ಒಂದೇ ಕಟ್ಟು, ಒಂದೇ ಬೀಗ."

"ಸರ್, ಒಂದು ಫೋನ್ ನಂಬರ್ ಬದಲಾಯಿಸ್ಬೇಕಂದ್ರೂ ಇಡೀ ಕಟ್ಟು ಬಿಚ್ಚಿ ಮತ್ತೆ ಕಟ್ಬೇಕಾಗುತ್ತೆ."

"ಅದನ್ನ ಕಟ್ಟೋನು ನಾನು. ನೀನು ಗುತ್ತಿಗೆಯೋಳು, ಗುತ್ತಿಗೆಯೋಳ ಥರ ಇರು."

ಇದ್ದೆ. ಪುಟಗಳನ್ನೆಲ್ಲ ಜಾವಾ ಒಳಗೆ ತುಂಬಿದೆ. ಯಂತ್ರಗಳಲ್ಲೂ ಮೇಲು ಕೀಳು ಹುಡುಕುವ ಜನ ಮನುಷ್ಯರನ್ನು ಬಿಟ್ಟಾರೆಯೇ? ಜಾವಾ ಬರೆಯುವವರಿಗೆ ಏಸಿ ಕೋಣೆ, ಪುಟ ಬರೆಯುವವಳಿಗೆ ಶೌಚಾಲಯದ ಪಕ್ಕದ ಮೇಜು. ಬೀಗದ ಕೈ ಅವರಿಗೆ, ಬೈಗುಳ ನನಗೆ.

ಚಂಡಮಾರುತದ ಬೆಳಿಗ್ಗೆ ಸುದ್ದಿ ಬಂತು: ದಂಡೆಯ ಶಾಲೆಯ ಚಾವಣಿ ಸಡಿಲವಾಗಿದೆ, ಜನ ಅಲ್ಲಿಗೆ ಹೋಗಬಾರದು, ಚರ್ಚಿಗೆ ಹೋಗಬೇಕು. ಹೊಸ ಕಟ್ಟು ಕಟ್ಟಬೇಕಾದ ಇಂಜಿನಿಯರ್ ಮೇಯರ್ ಅವರ ಫೋಟೋ ತೆಗೆಸಲು ಹೋಗಿದ್ದರು. ಹಾಗಾಗಿ ಕಟ್ಟನ್ನು ಮುಟ್ಟದೆ, ಸರ್ವರ್ ಅದನ್ನು ಬಿಚ್ಚಿ ಹರಡಿಟ್ಟಿದ್ದ ಪುಟದಲ್ಲೇ ನಾನು 'ಶಾಲೆ' ಅಳಿಸಿ 'ಚರ್ಚು' ಎಂದು ಕೈಯಾರೆ ಬರೆದೆ. ನಮ್ಮ ಕಸುಬಿನವರಿಗೆಲ್ಲ ಗೊತ್ತು, ಅಂಥ ಬರಹದ ಆಯುಷ್ಯ ಎಷ್ಟು ಅಂತ. ಕಟ್ಟನ್ನು ಸರ್ವರ್‌ಗೆ ಮತ್ತೆ ಏರಿಸಿದರೆ ಅದು ಹರಡಿದ್ದನ್ನೆಲ್ಲ ಗುಡಿಸಿ ಎಸೆದು, ಕಟ್ಟಿನಲ್ಲಿರುವ ಹಳೆಯದನ್ನೇ ಮತ್ತೆ ಹರಡುತ್ತದೆ.

ಹತ್ತು ಗಂಟೆಗೆ ಇಂಜಿನಿಯರ್ ಕಟ್ಟು ಏರಿಸಿದರು. ಯಾಕೆ? ರೇನ್‌ಕೋಟ್ ತೊಟ್ಟ ಮೇಯರ್ ಅವರ ಫೋಟೋ ಮುಖಪುಟದಲ್ಲಿ ಬರಬೇಕಿತ್ತು. ಬಂತು, ಚೆನ್ನಾಗಿಯೇ ಬಂತು. ಚರ್ಚು ಹೋಗಿ ಶಾಲೆ ವಾಪಸ್ಸಾಯಿತು.

ಹನ್ನೊಂದಕ್ಕೆ ಮನಾಂಗ್ ತರ್ಸಿಂಗ್ ಫೋನಿನಲ್ಲಿ ಪುಟ ನೋಡಿದರು. "ಎಡ್ನಾ ಬರ್ದಿದ್ದಾಳೆ, ಸುಳ್ಳಿರಲ್ಲ, ನಡೀರಿ" ಎಂದು ಮೂವತ್ತು ಮನೆಯವರನ್ನು ಶಾಲೆಗೆ ಕರೆದೊಯ್ದರು. ಚಾವಣಿ ಹಾರಿತು. ತಗಡು ಅವರ ಎಡಗೈ ಮೇಲೆ ಬಿತ್ತು. ಈಗ ನೀವೆಲ್ಲ ಇಂಜಿನಿಯರ್‌ಗೆ ಚಪ್ಪಾಳೆ ತಟ್ಟಿದಾಗ ಅವರು ತಟ್ಟಲಿಲ್ಲ. ಅದಕ್ಕೆ ಎರಡು ಕೈ ಬೇಕು.

ಇಲ್ಲಿಗೆ ನಿಲ್ಲಿಸಿ ಇಳಿಯಬೇಕೆಂದೇ ಬಂದಿದ್ದೆ. ಅವರು ನನ್ನನ್ನೇ ನೋಡುತ್ತಿದ್ದಾರೆ. ಇಳಿಯಲಾಗುತ್ತಿಲ್ಲ.

ಆ ಹತ್ತು ಗಂಟೆಗೆ ಇಂಜಿನಿಯರ್ ನನ್ನ ಮೇಜಿನ ಹತ್ತಿರ ಬಂದಿದ್ದರು. "ಇಂದಾಯ್, ಕಟ್ಟು ಏರಿಸ್ತಿದೀನಿ. ನಿಂದೇನಾದ್ರೂ ಇದೆಯಾ?" ಅಂತ ಕೇಳಿದರು. ಹೌದು, ಕೇಳಿದರು. ನನ್ನ ಬಾಯಲ್ಲಿ ಅಕ್ಕಿಯ ಬಿಬಿಂಗ್ಕಾ ಕೇಕ್ ಇತ್ತು. ನಿಧಾನಕ್ಕೆ ನುಂಗಿ, "ಇಲ್ಲ ಸರ್" ಅಂದೆ.

ಯಾಕೆ ಅಂದೆ? ಬೀಳಲಿ ಇವನು, ಊರು ನೋಡಲಿ ಅಂತ. ಐದು ನಿಮಿಷ ಬಿಟ್ಟು ಸರಿ ಮಾಡಿದರಾಯಿತು ಅಂತ. ಸರ್ವರ್ ದೂರದ ನಗರದಲ್ಲಿ ನಡೆಯುತ್ತಲೇ ಇತ್ತು. ನಮ್ಮ ಕಚೇರಿಯ ಇಂಟರ್ನೆಟ್ ಲೈನ್ ಐದು ನಿಮಿಷದೊಳಗೆ ಕಡಿದು ಬಿತ್ತು, ತಪ್ಪು ಪುಟ ಹಾಗೇ ಉಳಿಯಿತು. ಹದಿನೇಳು ವರ್ಷ ನುಂಗಿದ ಅವಮಾನವನ್ನು ನಾನು ಕಕ್ಕಿದ್ದು ಯಾರ ಮೇಲೆ? ವೇದಿಕೆಯವರ ಮೇಲೊಂದು ಹನಿಯೂ ಬೀಳಲಿಲ್ಲ.

ಮಾನ್ಯ ಮೇಯರ್ ಅವರೇ, ಹಾಳೆ ವಾಪಸ್ ತಗೊಳ್ಳಿ. ಪುಟಗಳ ದೋಷವಿಲ್ಲ. ಇವತ್ತು ಬೆಳಿಗ್ಗೆ ಯಾರನ್ನೂ ಕೇಳದೆ ಅವನ್ನು ಜಾವಾ ಒಳಗಿಂದ ತೆಗೆದು ಮತ್ತೆ ಪಕ್ಕದಲ್ಲಿ ನಿಲ್ಲಿಸಿದ್ದೇನೆ. ಆಶ್ರಯತಾಣ: ಚರ್ಚು. ಅದರ ಕೆಳಗೆ ಆ ದಿನ ನಡೆದದ್ದೆಲ್ಲ ಇದೆ, ಫೋಟೋ ಸಮೇತ, ನನ್ನ "ಇಲ್ಲ ಸರ್" ಸಮೇತ. ಇನ್ನು ಯಾರ ಕಟ್ಟು ಏರಿದರೂ ಅದು ಅಳಿಸಿಹೋಗುವುದಿಲ್ಲ. ನನ್ನನ್ನು ಅಳಿಸಬಹುದು, ಅದಕ್ಕೆ ಒಂದು ಸಹಿ ಹಾಕದಿದ್ದರೆ ಸಾಕು.

ಮೈಕು ಕೊಟ್ಟವರಿಗೆ, ಇಷ್ಟು ಹೊತ್ತು ಅದನ್ನು ಕಿತ್ತುಕೊಳ್ಳದವರಿಗೆ ಧನ್ಯವಾದ. ಮನಾಂಗ್ ತರ್ಸಿಂಗ್, ನಿಮಗೆ ಧನ್ಯವಾದ ಹೇಳುವ ಮುಖ ನನಗಿಲ್ಲ. ನಾನೇ ಕೊನೆಯ ಸಾಲಿಗೆ ಬರುತ್ತಿದ್ದೇನೆ. ಪಕ್ಕದಲ್ಲಿ ಜಾಗ ಕೊಟ್ಟರೆ ಕೂರುತ್ತೇನೆ, ಕೊಡದಿದ್ದರೆ ನಿಂತಿರುತ್ತೇನೆ.

ನಮಸ್ಕಾರ.