ತುಂಬಿದ ಕೊಡ, ನಿಂತ ಊರು

ನಡಿಗೆ ನೆಟ್ಟಗಿದ್ದವರ ಕೊಡ ತುಂಬಿದ್ದು ತುಂಬಿದಂತೆ ಬರುತ್ತದೆ. ಆ ಊರಿನ ಎಲ್ಲರೂ ನಂಬಿದ್ದು ಇದನ್ನೇ.

ಯಾವ ಊರು? ಹೆಸರು ಕೇಳಬೇಡಿ. ಮಂಜು ದನದ ಹಾಗೆ ಗುಡ್ಡ ಇಳಿದು ಮೇಯುತ್ತಿದ್ದ ಕಾಲದಲ್ಲಿ ಅಂಥದೊಂದು ಊರಿತ್ತು ಅಂತಿಟ್ಟುಕೊಳ್ಳಿ. ಊರ ನಡುವೆ ಒಂದು ಕಲ್ಲಿನ ಕಟ್ಟೆ. ಮೂರು ಗುಡ್ಡದಾಚೆ ಒಂದು ಕೆರೆ. ಊರ ಕುಂಬಾರ ಮಾಡಿದ ಮಣ್ಣಿನ ಕೊಡದಲ್ಲಿ ಅಲ್ಲಿಂದ ಬಾಯಿಮಟ್ಟ ನೀರು ಹೊತ್ತು, ಒಂದು ಹನಿ ಕಡಿಮೆಯಾಗದಂತೆ ತಂದವರು ಕಟ್ಟೆ ಮೇಲೆ ಕೂರಬಹುದು. ಹೆತ್ತ ತಾಯಿಯನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಬಹುದು. ತರದವರು? ನಿಲ್ಲಬೇಕು. ಮದುವೆಗೆ ನಿಲ್ಲಬೇಕು, ಊಟಕ್ಕೆ ನಿಲ್ಲಬೇಕು, ಪಂಚಾಯಿತಿಗೆ ನಿಲ್ಲಬೇಕು.

ಕೂತವರು ಏಳು ಜನ. ನಿಂತದ್ದು ಊರು. ಕೂತವರು ನಿಂತವರಿಗೆ ಹೇಳುತ್ತಿದ್ದ ಮಾತು ಒಂದೇ: "ತುಂಬಿದ ಕೊಡ ತುಳುಕೂದಿಲ್ಲ." ಕೈಯಲ್ಲಿ ಒಂದು ಗಾದೆ ಇದ್ದರೆ ಯೋಚನೆ ಮಾಡುವ ಕಷ್ಟ ತಪ್ಪುತ್ತದೆ, ಅಲ್ಲವೆ?

ಕೇಳಿ. ಆ ಊರಲ್ಲಿ ಸಂಕವ್ವ ಅಂತ ಒಬ್ಬಳಿದ್ದಳು. ಅವಳ ತಾಯಿ ಹುಲಿಗೆವ್ವ. ಹಕ್ಕಿಯಂಥ ಮುದುಕಿ, ಮಂಡಿ ಎರಡೂ ಹೋಗಿದ್ದವು. ಅಡುಗೆಮನೆ ಮೂಲೆಯಲ್ಲಿ ಮರಳು ಹರವಿ, ಅದರ ಮೇಲೆ ಕುಡಿಯುವ ನೀರಿನ ಕೊಡ ಇಟ್ಟಿದ್ದಳು. ಕೊಡದ ಸುತ್ತ ಕೊತ್ತಂಬರಿ ಬೆಳೆದಿತ್ತು. ಅದನ್ನು ಚಿವುಟಿ ಸಾರಿಗೆ ಹಾಕುತ್ತ ದಿನಕ್ಕೊಮ್ಮೆ ಅನ್ನುತ್ತಿದ್ದಳು: "ಸಾಯೂದ್ರಾಗ ಒಂದ್ಸಲ ಊರ ಮುಂದ ಕೂಡಬೇಕು ನೋಡವ್ವಾ. ನನ್ನ ನಡಿಗೀನ ಸುಮಾರು, ನನ್ನ ಕೊಡ ತುಂಬಿ ಬರಲಿಲ್ಲ. ನೀನರ ತಾ."

ಸಂಕವ್ವ ಹೋದಳು. ಕೆರೆಯಲ್ಲಿ ಮುಗಿಲು ಮುಖ ತೊಳೆಯುತ್ತಿತ್ತು. ಕೊಡ ತುಂಬಿದಳು, ಸಿಂಬಿ ಸುತ್ತಿ ತಲೆ ಮೇಲಿಟ್ಟಳು, ನಡೆದಳು. ಗುಡ್ಡ ನಡೆಯುತ್ತಿದೆಯೋ ತಾನು ನಡೆಯುತ್ತಿದ್ದೇನೋ ತಿಳಿಯದಷ್ಟು ಮೆಲ್ಲಗೆ ನಡೆದಳು. ಸಿಂಬಿ ತೊಯ್ದು ನೀರು ಕಿವಿಗಿಳಿಯಿತು. ಬೆವರು ಅಂದುಕೊಂಡಳು.

ಕಟ್ಟೆಯಲ್ಲಿ ಕೂತವರ ಹಿರಿಯ ಕಾಳಿಂಗಗೌಡ, ನೀರು ಅಳೆಯಲು ಕೊಡದೊಳಗೆ ಬೇವಿನ ಕಡ್ಡಿ ಇಳಿಬಿಟ್ಟ. "ಎರಡು ಬೆರಳು ಕಮ್ಮಿ."

"ಗೌಡ್ರ, ಒಂದು ಹನಿ ಚೆಲ್ಲಿಲ್ಲ."

"ಹಂಗಾದ್ರ ಕುಡದಿಯೇನು?" ಕಟ್ಟೆ ನಕ್ಕಿತು. "ಕುಣಿಯಲಾರದಾಕಿ ನೆಲ ಡೊಂಕಂದ್ಲಂತ." ನಿಂತವರು ಇನ್ನೂ ಜೋರಾಗಿ ನಕ್ಕರು. ಅವರಿಗೆ ರೂಢಿ ಹೆಚ್ಚು.

ಎರಡನೇ ಸಲ ಹೋದಳು. ಹೋಗುವಾಗ ತಿಪ್ಪಜ್ಜ ಎದುರಾದ. ನಲವತ್ತು ವರ್ಷದಿಂದ ತಪ್ಪದೆ ಕೊಡ ಹೊರುವವನು.

"ಅಜ್ಜಾ, ನಿನ್ನ ಕೊಡ ಖಾಲಿ ಐತಲ್ಲೋ!"

"ನೀರಿಂದೇನು ಬಿಡವ್ವಾ. ನಡಿಗಿ ನೋಡು, ನಡಿಗಿ!" ಅಂದು, ಮುಂದಿನ ಹೆಜ್ಜೆಯನ್ನು ಮೊಟ್ಟೆ ಇಡುವ ಹಾಗೆ ನೆಲಕ್ಕಿಟ್ಟ. ಊರು ಅವನನ್ನು ಒಳ್ಳೆಯವನು ಅನ್ನುತ್ತಿತ್ತು. ಆದರೂ ನಿಲ್ಲಿಸಿತ್ತು.

ಬರುವಾಗ ಊರ ಹತ್ತಿರದ ಹಳ್ಳದಲ್ಲಿ, ನಿಲ್ಲುವವರಲ್ಲೇ ಒಬ್ಬನಾದ ಬರಮಪ್ಪ ಕೂತಿದ್ದ. ಬೊಗಸೆಯಲ್ಲಿ ನೀರೆತ್ತಿ ತನ್ನ ಕಮ್ಮಿಯಾದ ಕೊಡಕ್ಕೆ ಹೊಯ್ಯುತ್ತಿದ್ದ.

"ಅಣ್ಣಾ, ಇದು ಕಳವು ಅಲ್ಲೇನೋ?"

"ತಂಗೀ, ನೀರಿಗೇನು ಹಣೀಮ್ಯಾಲ ಊರು ಬರದಿರತೈತೇನು? ಇಲ್ಲಿ ಬೊಗಸಿ ಅದ್ದಿದ ಮ್ಯಾಲೇ ಗೌಡ್ರೂ ಕಟ್ಟೀ ಏರಿದ್ದು. ನಿನಗೂ ಎರಡು ಬೊಗಸಿ ಹಾಕ್ಲಿ?"

ಸಂಕವ್ವ ಕೊಡ ಇಳಿಸಲು ಕೈ ಎತ್ತಿದಳು. ಎತ್ತಲಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಅವ್ವ ಕೇಳಿದ್ದು ಆ ಕೆರೆಯ ನೀರನ್ನು. ಕೈ ಇಳಿಸಿದಳು, ನಡೆದಳು. ಕಟ್ಟೆಯಲ್ಲಿ ಎರಡು ಬೆರಳು ಕಮ್ಮಿ. ಅವಳ ಹಿಂದೆಯೇ ಬರಮಪ್ಪ ಬಂದ. ಅವನ ಕೊಡ ತುಂಬಿತ್ತು. ಕೂತವರು ಎಂಟಾದರು. "ಎಂಥಾ ನಡಿಗಿ!" ಅಂತ ಊರು ಬಾಯಿ ತೆರೆಯಿತು.

ಮೂರನೇ ಸಲ ಕೆರೆಯ ದಂಡೆಯಲ್ಲಿ ಪಾರಿ ಸಿಕ್ಕಳು. ಏಳು ಮಳೆಗಾಲದ ಹಿಂದೆ ನೀರಿಗೆ ಅಂತ ಹೋದವಳು, ಊರಿಗೆ ಮರಳಿರಲಿಲ್ಲ. ಊರು ಅವಳಿಗೆ ಹುಚ್ಚಿ ಅಂತ ಹೆಸರಿಟ್ಟು ಕೈ ತೊಳೆದುಕೊಂಡಿತ್ತು. ಅವಳ ಕೊಡದಲ್ಲಿ ಕಪ್ಪೆಗಳು ಸಂಸಾರ ಹೂಡಿದ್ದವು.

"ಯಾಕಕ್ಕಾ ಇಷ್ಟ್ ಸಲ ಬರ್ತಿ?"

"ಅವ್ವ ಕೂಡಬೇಕಂತಾಳ."

"ಕೂಡಬೇಕಂದ್ರ ಕೂಡಬೇಕಪ," ಅಂದಳು ಪಾರಿ, ಮುಗಿಲು ನೋಡುತ್ತ. "ಅದಕ್ಕ ನೀರ್ಯಾಕ?"

ಸಂಕವ್ವ ಬಗ್ಗಿ ಕೊಡ ತುಂಬಿದಳು. ಕೊಡ ಹೊತ್ತು ನಡೆದಳು. ಮಂಜು ಅವಳ ಸೆರಗು ಹಿಡಿದು ಊರ ತನಕ ಬಂತು. ಅಷ್ಟು ನೆಟ್ಟಗೆ ಆ ದಾರಿಯಲ್ಲಿ ಯಾರೂ ನಡೆದಿರಲಿಲ್ಲ.

ಕಡ್ಡಿ ಇಳಿಯಿತು. "ಎರಡು ಬೆರಳು ಕಮ್ಮಿ."

ಗುಂಪಿನಲ್ಲಿ ನಿಂತಿದ್ದ ಹುಲಿಗೆವ್ವನ ಮಂಡಿ ಕುಸಿದವು. ಪಕ್ಕದವರು ರಟ್ಟೆ ಹಿಡಿದು ಮತ್ತೆ ನಿಲ್ಲಿಸಿದರು. ಪದ್ಧತಿ ಅಂದಮೇಲೆ ಪದ್ಧತಿ.

ಸಂಕವ್ವ ನೋಡಿದಳು. ಕೊಡ ಎತ್ತಿದಳು. ಮೂರು ಗುಡ್ಡದ ನೀರನ್ನು ಊರ ಮುಂದೆ ನೆಲಕ್ಕೆ ಸುರಿದಳು. ಖಾಲಿ ಕೊಡವನ್ನು ಬೋರಲು ಹಾಕಿದಳು.

"ಕೂಡಬೇ ಯವ್ವಾ."

ಹುಲಿಗೆವ್ವ ಕೂತಳು.

"ಏ! ಕೂಡಂಗಿಲ್ಲ!" ಗೌಡ ಕೂಗಿದ.

"ಕಟ್ಟೀಮ್ಯಾಲ ಕೂಡಂಗಿಲ್ಲ ಗೌಡ್ರ. ಆಕಿ ಕೊಡದ ಮ್ಯಾಲ ಕೂತಾಳ."

ಗೌಡ ಗಾದೆ ಹುಡುಕಿದ. ಸಿಗಲಿಲ್ಲ. ಅಷ್ಟರಲ್ಲಿ ತಿಪ್ಪಜ್ಜ ತನ್ನ ನಲವತ್ತು ವರ್ಷದ ಕೊಡವನ್ನು ಮೆಲ್ಲಗೆ ಇಳಿಸಿದ, ಮೆಲ್ಲಗೆ ಬೋರಲು ಹಾಕಿದ, ಮೆಲ್ಲಗೆ ಕೂತ. ಆಮೇಲೆ ಇನ್ನೊಬ್ಬರು. ಆಮೇಲೆ ಮತ್ತೊಬ್ಬರು. ಸೂರ್ಯ ಮುಳುಗುವ ಹೊತ್ತಿಗೆ ಊರು ಕೂತಿತ್ತು. ಕಟ್ಟೆಯ ಮೇಲಿನ ಎಂಟು ಜನ ಅವರನ್ನು ಬೈಯಲು ಎದ್ದು ನಿಂತಿದ್ದರು.

ಹುಲಿಗೆವ್ವ ಸೀರೆ ಮುಟ್ಟಿ ನೋಡಿಕೊಂಡಳು. "ಸಂಕೀ, ಸೀರಿ ತೊಯ್ತಲ್ಲೇ. ಕೊಡ ಹೊರಗ ಹಸಿ ಐತಿ. ದಾರ್ಯಾಗ ಚೆಲ್ಲಿದ್ದೇನು?"

"ಇಲ್ಲಬೇ. ಒಂದು ಹನೀನೂ ಇಲ್ಲ."

ಮುದುಕಿ ಕೊಡದ ಹೊರಮೈಗೆ ಕೈಯಾಡಿಸಿ ಒದ್ದೆ ಬೆರಳು ನೋಡಿಕೊಂಡಳು. ಅಡುಗೆಮನೆ ಮೂಲೆಯ ಕೊಡ ಅವಳ ಕಣ್ಣ ಮುಂದೆ ಬಂದಿತ್ತು.

ಕಥೆ ಇಲ್ಲಿಗೆ ನಿಂತಿತು, ನೀವು ಕೂತೇ ಇರಿ. ಉಳಿದದ್ದು ಒಂದೇ ಮಾತು. ಆ ಕೊಡದ ಸುತ್ತಲಿನ ಕೊತ್ತಂಬರಿಗೆ ಯಾರೂ ಯಾವತ್ತೂ ನೀರು ಹಾಕಿರಲಿಲ್ಲ.