ನಮ್ಮ ಜಿನ್ನಿನ್ಯಾಗ ಕಾಲು ಅಂದ್ರ

...ಸಪ್ಳ ಅಂದ್ರ ಅದಲ್ಲಬೇ ಗೌರಿ. ಈಗ ನಿಮ್ಮಣ್ಣ ಶರಣು ಹಾಕಿಸ್ಯಾನಲ್ಲ ಹೊಸಾ ಮಿಷನ್ನು, ಅದೇನು ಸಪ್ಳ? ಬರೇ ಗುಂಯ್ ಅಂತೈತಿ, ಸೊಳ್ಳಿ ಬಂದಂಗ. ನಾ ಮದಿವ್ಯಾಗಿ ಈ ಆದೋನಿಗೆ ಬಂದಾಗ ಎಣ್ಣಿ ಇಂಜಿನ್ ಇತ್ತು, ಏನಂತಿ ನೀನು! ಢಬ್ ಢಬ್ ಢಬ್ ಅಂತ ಶುರುವಾತಂದ್ರ ಅಡಿಗಿ ಮನ್ಯಾಗಿನ ಬೋಗಾಣಿ ನಡುಗ್ತಿದ್ವು. ಫ್ಯಾಕ್ಟರಿ ಅಂದ್ರ ಎಲ್ಲೋ ದೂರ ಅಲ್ಲ, ಈಗ ಲಾರಿ ನಿಂತೈತಲ್ಲ, ಅಲ್ಲೇ, ಮನಿ ಹಿತ್ತಲ ದಾಟಿದ್ರ ಆತು. ಇದನ್ನ ಶುರು ಮಾಡಿದ್ದು ನಮ್ಮ ಮಾವ... ಅಲ್ಲಲ್ಲ, ತಡಿ, ಮಾವ ಅಲ್ಲ, ಮಾವನ ಅಪ್ಪ. ಅವ್ರು ಇದೇ ಕಟ್ಟಿ ಮ್ಯಾಲೆ ಕೈಲಿ ತಿರುವೋ ಚರಕ ಇಟ್ಟು ಹತ್ತಿ ಬಿಡಿಸ್ತಿದ್ರಂತ, ಬೀಜ ಈ ಕಡಿ, ಅರಳಿ ಆ ಕಡಿ. ಆಮ್ಯಾಲ ಮಾವ ಇಂಜಿನ್ ತಂದ್ರು, ತಗಡಿನ ಶೆಡ್ಡು ಹಾಕಿದ್ರು. ನಿಮ್ಮ ತಾತ ಕರೆಂಟಿನ ಮೋಟ್ರು ತಂದ್ರು. ಈಗ ಇವ ಶರಣು ಏನೇನೋ ತಂದಾನ, ನನಗ ಹೆಸರು ಬಾಯಾಗ ಹೊರಳಲ್ಲ. ಆದ್ರ ಸುಗ್ಗ್ಯಾಗ ಹತ್ತಿ ಬಂಡಿ ಸಾಲು ನಿಂತು, ಗಾಳಿ ತುಂಬ ಅರಳಿ ಹಾರಿ, ಒಣ ಹಾಕಿದ ಸೀರಿ ಮ್ಯಾಲೆಲ್ಲ ಕುಂತು, ಬೀಜದ ಹಸಿ ಎಣ್ಣಿ ವಾಸನಿ ಬರ್ತಿತ್ತಲ್ಲ, ಅದು ಮತ್ತ ಬರಲ್ಲ ಬಿಡವ್ವಾ. ಆ ವಾಸನಿಗೆ ಈಗೂ ಜೀವ ಎಳಿತೈತಿ ನೋಡು.

ಮತ್ತ, ನಾ ಮಸ್ಕಿ ಕಡ್ಯಾಕಿ. ತೆಲುಗು ಅಂದ್ರ ಒಂದಕ್ಷರ ಬರ್ತಿರಲಿಲ್ಲ. ಇಲ್ಲಿ ನೋಡಿದ್ರ ಮನ್ಯಾಗ ಕನ್ನಡ, ಫ್ಯಾಕ್ಟರ್ಯಾಗ ತೆಲುಗು, ಬಜಾರದಾಗ ತುರಕ ಮಾತು, ಒಬ್ರರ ಒಂದರಾಗ ಸುರು ಮಾಡಿ ಅದರಾಗೇ ಮುಗಸ್ತಿರಲಿಲ್ಲ! ಕೋಸಗಿಯಿಂದ ರೈಲಿಗೆ ಬರೋ ಹೆಣ್ಮಕ್ಕಳು ಜಿನ್ನಿಗೆ, ಅದೇ ಬೀಜ ಬಿಡಿಸೋ ಮಿಷನ್ನಿಗೆ, ಹತ್ತಿ ಹಾಕ್ತಿದ್ರು, ಅವರಾಗ ನರಸಮ್ಮ ಅಂತ ಒಬ್ಬಾಕಿ, ಅವರಿಗೆಲ್ಲ ಹಿರೇಳು, ಮೇಸ್ತ್ರಿ ಇದ್ದಂಗ, ಗಂಟಲ ಅಂದ್ರ ಗಂಟಲ, ಇಂಜಿನ್ ಸಪ್ಳ ಮೀರಿ ಕೇಳ್ತಿತ್ತು. ನಾ ಬಂದ ಹೊಸದಾಗ ನಾ ಏನೋ ಕೇಳಾಕ ನಾಚಿ ನಿಂತಿದ್ದೆ, ಆಕಿ 'ಚೆಪ್ಪಮ್ಮಾ, ಚೆಪ್ಪು' ಅಂದ್ಲು. 'ಹೇಳವ್ವಾ' ಅಂತ. ನಾ ಓಡಿ ಹೋಗಿ ಚಪ್ಪಲಿ ತಂದು ಆಕಿ ಮುಂದ ಇಟ್ಟೆ! ನಗು, ನಗು, ನಿನಗೇನು. ಆಕಿ ಬಿದ್ದು ಬಿದ್ದು ನಕ್ಲು. ಅವತ್ತಿಂದ ಇಡೀ ಶೆಡ್ಡಿಗೆ ನಾ 'ಚಪ್ಪಲಿ ಕೋಡಲು'. ಕೋಡಲು ಅಂದ್ರ ಸೊಸಿ.

ನಮ್ಮ ಮಾವ ದೊಡ್ಡ ಶಿವಭಕ್ತರು, ಸಿಟ್ಟೂ ಹಂಗೇ ಇತ್ತು. ಮುಂಜಾನೆ ಇಂಜಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡದು ಸುರು ಮಾಡಿದ್ರ, ಅವ್ರು ಹೇಳೋತನ ನಿಂದರಬಾರ್ದು. ಇಂಜಿನ್ ಮನ್ಯಾಗ ಹೆಣ್ಮಕ್ಕಳು ಕಾಲಿಡಂಗಿಲ್ಲ. ಆದ್ರ ನಿಮ್ಮ ತಾತ ಅದಾರಲ್ಲ... ಇದ್ರಲ್ಲ... ಒಂದಿನ ಮಾವ ಮಂತ್ರಾಲಯದ ಕಡಿ ಹತ್ತಿ ನೋಡಾಕ ಹೋದಾಗ, 'ಬಾ ಇಲ್ಲಿ' ಅಂತ ನನ್ನ ಕದ್ದು ಕರಕೊಂಡು ಹೋದ್ರು. ಒಂದು ಕಟ್ಟಿಗಿ ಹಿಡಿಕಿ ತೋರಿಸಿದ್ರು, ಎಣ್ಣಿ ಹಿಡದು ಕರ್ರಗಾಗಿತ್ತು. 'ಇದನ್ನ ಎಳದ್ರ ಇಂಜಿನ್ನಿನ ದೊಡ್ಡ ಪಟ್ಟಾ ಬಾಜುಕಿನ ಖಾಲಿ ಗಾಲಿ ಮ್ಯಾಲೆ ಸರೀತೈತಿ, ಅಷ್ಟೂ ಜಿನ್ನು ಗಪ್ಪನ ನಿಂದರ್ತಾವ. ನೋಡು, ನಿನ್ನ ಗಂಡ ಎಂಥಾ ಮನಷಾ!' ಅಂತ ಜಂಬ ಹೊಡದ್ರು. ಏನೋ ಆ ಹಿಡಿಕಿ ತಾವೇ ಕೆತ್ತಿದಂಗ. ನಾ ಸೆರಗು ಬಾಯಿಗೆ ಹಿಡಕೊಂಡು ನಕ್ಕೆ. ವಯಸ್ಸು ಸಣ್ಣದಿತ್ತು ಇಬ್ರದೂ.

ಈಗ ಒಂದು ತಿಳಕೋರಿ. ಜಿನ್ನಿನ್ಯಾಗ ಬೆಂಕಿ ಹೊಸದಲ್ಲ. ಹತ್ತ್ಯಾಗ ಒಂದು ಕಲ್ಲೋ ಮೊಳಿಯೋ ಬಂತಂದ್ರ ಕಿಡಿ ಹಾರ್ತೈತಿ, ಅರಳಿ ಹತ್ತಿಕೊಳ್ತೈತಿ. ಅಷ್ಟಕ್ಕೆಲ್ಲ ಮಾವ ಜಿನ್ನು ನಿಂದರಸ್ತಿರಲಿಲ್ಲ. ಜಿನ್ನಿನ ಸಾಲಿನ ಕೆಳಗ ಕಾಲಿವಿ ಇತ್ತು, ಅದರಾಗ ಉದ್ದಕ ಕಬ್ಬಿಣದ ಶಾಫ್ಟು, ಪಟ್ಟಾ ತಿರುಗ್ತಾ ಇರ್ತಿದ್ವು, ಗಂಡಸರು ಹಂಗೇ ಅದರಾಗ ತೂರಿ, ಸುಡೋ ಅರಳಿನ ಕೈಲೆ ಬಾಚಿ ಹೊರಗ ಒಗೀಬೇಕು, ಹಸಿ ಗೋಣಿಚೀಲದಿಂದ ಬಡೀಬೇಕು. ಅಪ್ಪ ಹಂಗ ಮಾಡ್ತಿದ್ರು, ಮಗ ಹಂಗ ಮಾಡ್ತಿದ್ರು, ಯಾರೂ ಯಾಕ ಅಂತ ಕೇಳಲಿಲ್ಲ.

ಅವತ್ತು ಮಟಮಟ ಮಧ್ಯಾಹ್ನ. ನಾ ಹಿತ್ತಲದಾಗ ಜ್ವಾಳ ಹಸನು ಮಾಡ್ತಾ ಕುಂತೀನಿ. ನರಸಮ್ಮನ ಗಂಟಲ ಬಂತು ನೋಡು: 'ಕಾಲ್ತಾಂದೋ! ಅಯ್ಯೋ ಕಾಲ್ತಾಂದಿ, ಕಾಲ್ತಾಂದಿ!' ನೀವು ತೆಲುಗು ಸಾಲಿ ಕಲತೋರು, ನಿಮಗ ಗೊತ್ತೈತಿ, ಸುಡಾಕತ್ತೈತಿ ಅಂತ ಅದರ ಅರ್ಥ. ನನಗೇನು ಗೊತ್ತು? ನನಗ ಕೇಳಿದ್ದು ಒಂದೇ, ಕಾಲು! ಯಾರದೋ ಕಾಲು ಪಟ್ಟಾದಾಗ ಸಿಕ್ಕೈತಿ! ಯಾರದೋ ಏನು ಬಂತು, ಮುಂಜಾನೆ ರೊಟ್ಟಿ ತಿಂದು ಇವರೇ, ನಿಮ್ಮ ತಾತನೇ, ಶಾಫ್ಟಿಗೆ ಎಣ್ಣಿ ಬಿಡಾಕ ಹೋಗಿದ್ರು. ಶಿವನೇ! ಕೈಯಾಗಿನ ಮೊರ ಅಲ್ಲೇ ಒಗದೆ, ಜ್ವಾಳ ಚೆಲ್ಲಾಪಿಲ್ಲಿ. ಮಾವನ ಅಂಜಿಕಿ ಇಲ್ಲ, ಮಡಿ ಇಲ್ಲ, ಸೆರಗು ಎಲ್ಲೈತೋ ಖಬರಿಲ್ಲ. ನೆಟ್ಟಗ ಇಂಜಿನ್ ಮನಿಗೆ ನುಗ್ಗಿದೆ, ಆ ಹಿಡಿಕಿ ಎರಡೂ ಕೈಲೆ ಹಿಡದು ಜೋತುಬಿದ್ದೆ. ಪಟ್ಟಾ ಸರೀತು. ಶಾಫ್ಟು, ಜಿನ್ನು ಎಲ್ಲಾ ಗಪ್ಪನ ನಿಂತ್ವು. ಆಮ್ಯಾಲ ಹೊಗಿ ಕಂಡೆ ನೋಡು, ಶೆಡ್ಡಿನ ಬಾಗಿಲದಾಗ. ಅಯ್ಯ, ಬೆಂಕ್ಯಾ ಇದು!

ಜಿನ್ನು ನಿಂತಿದ್ದಕ್ಕ ಕಾಲಿವಿ ಒಳಗಿದ್ದೋರು ಎದ್ದು ನಿಂತು, ಕೊಡ ಕೊಡ ನೀರು ಸುರುವಿ ಆರಿಸಿದ್ರು. ಒಂದು ಮೂಲಿ ಕರ್ರಗಾತು, ಅಷ್ಟೇ. ಆದ್ರ ಮಾವ ಬಂದ್ರಲ್ಲ, ಮುಖ ಕೆಂಪಗಾಗಿತ್ತು. 'ಯಾವ ಮಗ ನಿಂದರಸಿದ ಜಿನ್ನು? ನನ್ನ ಕೇಳದ ಹಿಡಿಕಿ ಮುಟ್ಟಿದೋರು ಯಾರು?' ನಾ ಸೆರಗು ಎಳಕೊಂಡು, 'ನಾನೇರಿ ಮಾವ' ಅಂದೆ. 'ನೀನಾ? ಯಾಕ?' 'ಕಾಲು ಅಂದ್ಲುರಿ ನರಸಮ್ಮ.' ಅಲ್ಲಿದ್ದೋರು ಒಬ್ಬೊಬ್ರೇ ಕಿಸಕ್ ಅಂದ್ರು. ಮಾವ ನಗಲಿಲ್ಲ. 'ಯಾರ ಕಾಲು ಅಂತ ತಿಳಕಂಡಿ?' ಈಗ ನಾ ಏನಂತ ಹೇಳ್ಲಿ? ಗಂಡನ ಹೆಸರು ಬಾಯಿಲೆ ಹೇಳಂಗಿಲ್ಲ, ಅದೂ ಮಾವನ ಮುಂದ. ನೆಲ ನೋಡ್ತಾ ನಿಂತೆ, ಕಣ್ಣಾಗ ನೀರು ಬಂದ್ವು. ನರಸಮ್ಮನೇ ಅಂದ್ಲು, 'ಪೆನಿಮಿಟಿದಿ ಅನುಕುನಿಂಟಾದಿ, ಪಾಪಂ.' ಗಂಡಂದು ಅಂದ್ಕೊಂಡಿರಬೇಕು, ಪಾಪ ಅಂತ.

ಆಗ ಮಾವ ಮಗನ ಕಡಿ ತಿರುಗಿ ನೋಡಿದ್ರು. ನಿಮ್ಮ ತಾತ ಕಾಲಿವಿಯಿಂದ ಮ್ಯಾಲೆ ಬಂದು ನಿಂತಿದ್ರು, ಮೈಯೆಲ್ಲ ಮಸಿ, ಧೋತ್ರ ಮೊಣಕಾಲಿನತನ ಅಷ್ಟೇ ಐತಿ. ಉಳದಿದ್ದು ಎಲ್ಲಿ? ಮಾವ ತಾವೇ ಕಾಲಿವಿಗೆ ಇಳದ್ರು. ಅರ್ಧ ಧೋತ್ರ ಶಾಫ್ಟಿಗೆ ಸುತ್ತಿ ಬಿಗದಿತ್ತು, ಬಿಗದಿತ್ತು ಅಂದ್ರ ಹಗ್ಗ ಹೊಸದಂಗ. ಜಿನ್ನು ನಿಂತ ಮ್ಯಾಲೆ ಇವ್ರು ಹರಕೊಂಡು ಎದ್ದಾರ, ಯಾರಿಗೂ ಹೇಳಿಲ್ಲ. ಇನ್ನೊಂಚೂರು ತಿರುಗಿದ್ರ ಕಾಲು ಹೋಗಿತ್ತು. ಕಾಲೇನು, ಮನಷಾನೇ ಹೋಗ್ತಿದ್ರು. ನೀವ್ಯಾರೂ ಇರ್ತಿರಲಿಲ್ಲ ಇಲ್ಲಿ ಕುಂತು ನಗಾಕ. ಮಾವ ಆ ಧೋತ್ರದ ಅರಬಿ ಬಿಚ್ಚಾಕ ಹತ್ತಿದ್ರು, ಬಿಚ್ಚಾಕ ಬರಲೇ ಇಲ್ಲ. ಅಂಥಾ ಮನಷಾ ಅಳೋದು ನಾ ಅವತ್ತೇ ನೋಡಿದ್ದು. ಮ್ಯಾಲೆ ಬಂದು ಎಲ್ಲಾರ ಮುಂದ ಅಂದ್ರು, 'ಇವತ್ತಿನಿಂದ ಯಾರರ ಕಾಲು ಅಂತ ಒದರಿದ್ರ ಮೊದ್ಲು ಹಿಡಿಕಿ ಎಳೀರಿ. ಹೆಣ್ಣಾಗ್ಲಿ ಗಂಡಾಗ್ಲಿ, ನನ್ನ ಕೇಳಬ್ಯಾಡ್ರಿ.'

ಅದಕ್ಕಬೇ, ನಮ್ಮ ಫ್ಯಾಕ್ಟರ್ಯಾಗ ಏನಾದ್ರೂ 'ಕಾಲು, ಕಾಲು' ಅಂತಾನ ಕೂಗ್ತಾರ. ಕೈ ಸಿಕ್ರೂ ಕಾಲು, ಬೆಂಕಿ ಬಿದ್ರೂ ಕಾಲು, ಹಾವು ಹೊಕ್ಕರೂ ಕಾಲು. ಈಗ ಕೆಲಸಕ್ಕ ಬಂದಾರಲ್ಲ, ಆ ಬಿಹಾರದ ಹುಡುಗ್ರಿಗೆ ಕನ್ನಡನೂ ಬರಲ್ಲ, ತೆಲುಗೂ ಬರಲ್ಲ, ಅವರೂ ಅದನ್ನೇ ಕಲತಾರ. ನಿಮ್ಮ ತಾತ ಇರೋತನ ಮುಂಜಾನೆ ಧೋತ್ರ ಉಡ್ತಾ ತಮ್ಮ ಕಾಲು ತೋರಿಸಿ 'ನೋಡು, ನಿನ್ನ ಕಾಲು ಎರಡೂ ನೆಟ್ಟಗದಾವ' ಅಂತ ಚ್ಯಾಷ್ಟಿ ಮಾಡ್ತಿದ್ರು. ಹೋಗಿಬಿಟ್ರು... ಇರಲಿ ಬಿಡು. ಏ ಶರಣು, ನಿನಗೂ ಹೇಳ್ತೀನಿ ಕೇಳು, ನಿನ್ನೆ ಯಾರೋ ಒದರಿದ್ರ ಕುರ್ಚಿ ಮ್ಯಾಲೆ ಕುಂತೇ 'ಏನಾತು, ಏನಾತು' ಅಂತಿದ್ದೆಲ್ಲ, ಹಂಗ ಮಾಡಬ್ಯಾಡ. ಮೊದ್ಲು ಮಿಷನ್ ನಿಂದರಸು. ಯಾವ ಭಾಷ್ಯಾಗ ಒದರಿದ್ರು ಅಂತ ಆಮ್ಯಾಲ ಕೇಳಬಹುದು.