ಹೊಲಿಗೆಯಮ್ಮ ಬಂದ ಮಧ್ಯಾಹ್ನ

…ಇಲ್ಲ ಇಲ್ಲ, ಏಳಲ್ಲ ನಮ್ಮನೆಯವರು. ಗಂಟೆ ಹೊತ್ತು ಎದ್ದು ಕೂತ್ರೆ ಎರಡು ಗಂಟೆ ಮಲಗಬೇಕು ಈಗ. ನೀವು ಈ ಕಡೆ ಬನ್ನಿ, ಕೂತ್ಕೊಳ್ಳಿ. ಆ ಬಟ್ಟೆ ಗಂಟು ಕೆಳಗಿಡಿ, ಪರವಾಗಿಲ್ಲ. ಮಡಿಸಿಟ್ಟ ಷರ್ಟುಗಳ ಮೇಲೆ ಮಾತ್ರ ಕೈ ಇಡಬೇಡಿ, ಬ್ಯಾಂಕಿನವರದ್ದು, ಐದು ಹೊಡೆದ್ರೆ ಬಾಗಿಲಲ್ಲಿ ನಿಂತಿರ್ತಾರೆ. ಇಸ್ತ್ರಿ ಮಾಡ್ತಾನೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಕೈ ಸುಮ್ಮನಿದ್ರೆ ನನಗೆ ಬಾಯಿ ಓಡಲ್ಲ.

ಏನು ಹೇಳ್ತಿದ್ದೆ? ಹಾಂ… ನಕ್ಕರು. ನಕ್ಕರಲ್ಲ ಅವರು! ನೀವು ಹೊಸಿಲು ದಾಟಿದ್ದೇ ತಡ, "ಬಂದ್ರಾ?" ಅಂದ್ರು, ಕುರ್ಚಿ ಎಳೆದ್ರು, ನಕ್ಕರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಏಳು ತಿಂಗಳಾಯ್ತು ಕಣ್ರೀ, ಆ ಮುಖದಲ್ಲಿ ನಗು ಕಂಡು. ನಾನು ಏನೆಲ್ಲ ಮಾಡಿದೆ! ಎದುರು ಮನೆ ಮಗು ತಂದು ಮಡಿಲಲ್ಲಿ ಕೂರಿಸಿದೆ. ಹಳೇ ಫೋಟೋ ತೋರಿಸಿದೆ. ಉಹೂಂ. ಗೋಡೆ ನೋಡಿದ ಹಾಗೆ ನನ್ನನ್ನ ನೋಡ್ತಾರೆ. ಗೋಡೆಗಾದ್ರೂ ಒಂದು ಮೊಳೆ ಇರುತ್ತೆ, ಕಣ್ಣು ನಿಲ್ಲುತ್ತೆ…

ಯಾಕೆ ತಲೆ ತಗ್ಗಿಸ್ತೀರಿ? ನಿಮ್ಮನ್ನ ಬೈತಿಲ್ಲ ನಾನು. ಹೇಳಿ ಕಳಿಸಿದ್ದು ನಾನೇ ಅಲ್ವಾ? ಡಾಕ್ಟರ್ ಅಂದ್ರು, "ಅವರಿಗೆ ರೂಢಿ ಇದ್ದ ಕೆಲಸ ಏನಾದ್ರೂ ಕೈಗೆ ಕೊಡಿ, ಜೊತೆಗೆ ಇಷ್ಟದವರು ಯಾರಾದ್ರೂ ಇದ್ರೆ ಒಳ್ಳೇದು" ಅಂತ. ರೂಢಿ ಇದ್ದ ಕೆಲಸ ಅಂದ್ರೆ ಪ್ರೆಸ್ಸಿನ ಪುಸ್ತಕ ಬೈಂಡಿಂಗು. ಇಷ್ಟದವರು ಅಂದ್ರೆ… ಮಗಳು ನನ್ನ ಮುಖ ನೋಡಿದ್ಲು. ನಾನು ಫ್ಯಾನ್ ನೋಡಿದೆ. ಹನ್ನೆರಡು ದಿನ ಯೋಚನೆ ಮಾಡಿದೆ ರೀ, ಸುಳ್ಳು ಹೇಳಲ್ಲ. ಹದಿಮೂರನೇ ದಿನ ನಿಮಗೆ ಹೇಳಿ ಕಳಿಸಿದೆ.

ನೀವು ಬಂದ್ರಿ. ಕೈಚೀಲದಲ್ಲಿ ಕಾಗದ, ಸೂಜಿ, ದಾರ. ಇಬ್ಬರೂ ಕೂತು ಮಡಿಸಿದ್ರಿ. ಅವರು ತಪ್ಪಿದಾಗ ನೀವು ಒಂದು ಮಾತೂ ಆಡಲಿಲ್ಲ, ಬೆರಳಲ್ಲಿ ಸ್ವಲ್ಪ ತಿರುಗಿಸಿ ಇಟ್ರಿ, ಅಷ್ಟೇ. ನಾನಾಗಿದ್ರೆ ಕಿರುಚ್ತಿದ್ದೆ.

ನಗ್ತೀರಾ? ನಗಿ. ನಗೋ ವಿಷಯಾನೇ. ನಮ್ಮ ಮನೇಲಿ ನಿಮಗೆ ಏನು ಹೆಸರು ಗೊತ್ತಾ? ಹೊಲಿಗೆಯಮ್ಮ. ಊಟಕ್ಕೆ ಕೂತ್ರೆ "ಹೊಲಿಗೆಯಮ್ಮ ಹೀಗಂದ್ರು", ಕೈ ತೊಳೆಯುವಾಗ "ಹೊಲಿಗೆಯಮ್ಮ ಹಾಗಂದ್ರು". ಮೂವತ್ತೊಂದು ವರ್ಷ! ದಿನಕ್ಕೆ ಒಂಬತ್ತು ಗಂಟೆ ನಿಮ್ಮ ಎದುರು ಮೇಜಲ್ಲಿ. ನನ್ನ ಎದುರು, ಎಚ್ಚರವಾಗಿ, ಮೂರು ಗಂಟೆ ಇದ್ರೆ ಹೆಚ್ಚು. ತಾಳಿ ಕಟ್ಟಿಸಿಕೊಂಡವಳು ನಾನು, ಮಾತು ಕಟ್ಟಿಕೊಂಡವರು ನೀವು.

ಒಂದು ಸಲ ನಾನು ಪ್ರೆಸ್ಸಿಗೆ ಬಂದಿದ್ದೆ, ನಿಮಗೆ ನೆನಪಿರಲ್ಲ. ಕೊಡೆ ಮರೆತು ಹೋಗಿದ್ದಾರೆ ಅಂತ ನೆಪ. ಮೋಡಾನೇ ಇರಲಿಲ್ಲ ಆವತ್ತು! ಅಲಂಕಾರ ಮಾಡ್ಕೊಂಡ ಹೆಂಗಸನ್ನ ನೋಡೋಕೆ ಬಂದಿದ್ದೆ ನಾನು. ನೋಡಿದ್ರೆ… ಬಡಕಲು ಮೈ, ಮೂಗಿನ ತುದೀಲಿ ಕನ್ನಡಕ, ಹಲ್ಲಲ್ಲಿ ದಾರ. ಅಯ್ಯೋ, ಇವರಾ, ಅಂತ ಮನಸ್ಸು ಹಗುರಾಯ್ತು. ಆಗ ಇವರು ಏನು ಮಾಡಿದ್ರು ಗೊತ್ತಾ? ತಲೆ ಎತ್ತದೆ ಕೈ ಚಾಚಿದ್ರು. ನೀವೂ ತಲೆ ಎತ್ತದೆ ಆ ಕೈಗೆ ಕತ್ತರಿ ಇಟ್ರಿ. ಕೇಳಲಿಲ್ಲ! ಬಾಯಿ ಬಿಡಲಿಲ್ಲ! ನನ್ನ ಮನೇಲಿ ಉಪ್ಪು ಬೇಕಾದ್ರೂ ಎರಡು ಸಲ ಕೇಳಬೇಕು ಆ ಮನುಷ್ಯ. ಕೊಡೆ ಬಾಗಿಲ ಹತ್ರ ಇಟ್ಟು ಮನೆಗೆ ಬಂದೆ. ಆವತ್ತು ಎರಡು ಬಟ್ಟೆ ಸುಟ್ಟೆ.

ಗೊತ್ತು, ಗೊತ್ತು. ಏನೂ ಇರಲಿಲ್ಲ ನಿಮ್ಮ ನಡುವೆ. ಅದೇ ನನ್ನ ಕಷ್ಟ. ಏನಾದ್ರೂ ಇದ್ದಿದ್ರೆ ಬೀದಿಗೆ ಎಳೆದು ಜಗಳ ಆಡಬಹುದಿತ್ತು. ಒಂದು ಕತ್ತರಿ ಕೊಟ್ಟಿದ್ದಕ್ಕೆ ಯಾರು ನ್ಯಾಯ ಹೇಳ್ತಾರೆ?

ಚಹಾ ಕುಡೀರಿ, ಆರುತ್ತೆ.

ಕಾಯಿಲೆ… ಹೂಂ, ಹೇಳ್ತೀನಿ. ಇದು ಬರೀ ಮರೆವಲ್ಲ ಕಣ್ರೀ. ಎಲ್ಲರೂ ಅದನ್ನೇ ಕೇಳ್ತಾರೆ, "ನಿಮ್ಮನ್ನ ಗುರುತು ಹಿಡೀತಾರಾ?" ಅಂತ. ಹಿಡೀತಾರೆ! ಮಗಳು ಹುಟ್ಟಿದ ವಾರ ಕೇಳಿ, ಹೇಳ್ತಾರೆ. ಆದ್ರೆ ಪ್ರಶ್ನೆ ಈಗ ಕೇಳಿದ್ರೆ ಉತ್ತರ ನಾನು ಪಾತ್ರೆ ತೊಳೆದು ಬಂದ ಮೇಲೆ ಬರುತ್ತೆ. ಸ್ನಾನಕ್ಕೆ ಹೋದವರು ಬಕೆಟ್ ಮುಂದೆ ನಿಂತಿರ್ತಾರೆ, ಮೊದಲು ಬಟ್ಟೆ ಬಿಚ್ಚಬೇಕೋ ನೀರು ಬಿಡಬೇಕೋ ಅಂತ. ಪಾದ ನೆಲಕ್ಕೆ ಅಂಟು ಹಾಕಿದ ಹಾಗೆ, ಪುಟ್ಟ ಪುಟ್ಟ ಹೆಜ್ಜೆ. ಸುಮ್ಮಸುಮ್ಮನೆ ಕಣ್ಣಲ್ಲಿ ನೀರು. ಯಾಕ್ರೀ ಅಂದ್ರೆ ಅವರಿಗೇ ಗೊತ್ತಿಲ್ಲ.

ಹೋದ ವರ್ಷ ಬಚ್ಚಲಲ್ಲಿ ಬಿದ್ರಲ್ಲ, ಆಗಲೇ ತಲೆ ಸ್ಕ್ಯಾನ್ ಮಾಡಿಸಿದ್ದು. ಡಾಕ್ಟರ್ ಪರದೆ ಮೇಲೆ ತೋರಿಸಿದ್ರು. ಬಿಳಿ ಬಿಳಿ ಮಚ್ಚೆ, ಬೂಷ್ಟು ಹಿಡಿದ ರಟ್ಟಿನ ಹಾಗೆ. "ಅಮ್ಮ, ಊರಿಗೆ ನೀರು ತರೋ ದೊಡ್ಡ ಪೈಪು ಚೆನ್ನಾಗೇ ಇದೆ. ಮನೆಮನೆಗೆ ಹೋಗೋ ಸಣ್ಣ ಪೈಪು ಕಟ್ಟಿಕೊಂಡಿದೆ" ಅಂದ್ರು. ಕೂದಲೆಳೆಗಿಂತ ತೆಳು ರಕ್ತನಾಳ ಅಂತೆ. ವರ್ಷಗಟ್ಟಲೆ ಬಿಪಿ ಏರಿ ಏರಿ ಗಟ್ಟಿಯಾಗಿ, ಒಂದೊಂದೇ ಮುಚ್ಚಿಕೊಂಡಿವೆ, ಸದ್ದಿಲ್ಲದೆ. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಕಾಪಾಡಿಕೊಳ್ಳಬೇಕು ಅಂದ್ರು. ಆಮೇಲೆ ಕನ್ನಡಕ ತೆಗೆದು ಕೇಳಿದ್ರು… "ಇದು ನಿನ್ನೆ ಮೊನ್ನೆಯದಲ್ಲ. ಎರಡು ಮೂರು ವರ್ಷದ ಹಿಂದೆ ನಡಿಗೆ, ಕೆಲಸ, ಏನಾದ್ರೂ ಬದಲಾಗಿದ್ದು ಯಾರ ಕಣ್ಣಿಗೂ ಬೀಳಲಿಲ್ವಾ?"

ಇಲ್ಲ ಡಾಕ್ಟ್ರೇ, ಅಂದೆ. ಯಾರೂ ಹೇಳಲಿಲ್ಲ.

ಹೌದಲ್ವಾ ಮತ್ತೆ? ಯಾರು ಹೇಳಿದ್ರು ನನಗೆ? ಮನೇಲಿ ಊಟ ಮಾಡ್ತಿದ್ರು, ಮಲಗ್ತಿದ್ರು. ಮೊದಲಿಂದಲೂ ನಿಧಾನದ ಮನುಷ್ಯ, ವಯಸ್ಸಾಯ್ತು ಅಂದ್ಕೊಂಡೆ. ಪ್ರೆಸ್ಸಿನ ಯಜಮಾನರು ಕೆಲಸ ಬಿಡಿಸಿದ ದಿನಾನೂ "ವಿಶ್ರಾಂತಿ ತಗೊಳ್ಳಲಿ" ಅಂದ್ರೇ ಹೊರತು ಬೇರೆ ಮಾತಿಲ್ಲ. ಬಿಪಿ ಮಾತ್ರೆ ಬಿಟ್ಟಿದ್ದು ನನಗೇನು ಕನಸು ಬೀಳುತ್ತಾ? ಮಾತ್ರೆ ಡಬ್ಬಿ ಅವರು ಪ್ರೆಸ್ಸಲ್ಲೇ ಇಡ್ತಿದ್ರು. ಕಂಡವರು ಯಾರು? ಎದುರು ಮೇಜಿನವರು! ಒಂಬತ್ತು ಗಂಟೆ ನೋಡ್ತಿದ್ದವರು! ಒಂದು ಮಾತು… ನೀವಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ ನನಗೆ?

…

ಯಾಕೆ ಲೋಟ ಕೆಳಗಿಟ್ರಿ?

ಏನು ನೋಡ್ತೀರಿ ಹಾಗೆ? ಮಾತಾಡಿ. ಇಷ್ಟು ಹೊತ್ತು ಹೂಂ ಅಂತಾದ್ರೂ ಅಂತಿದ್ರಿ. ತಪ್ಪಾಯ್ತು ಅನ್ನಿ. ಹೇಳಬೇಕಿತ್ತು, ಹೇಳಲಿಲ್ಲ ಅನ್ನಿ. ನೀವು ಹಾಗೆ ಅಂದುಬಿಟ್ರೆ ಮುಗೀತು, ನಾನು ಕ್ಷಮಿಸ್ತೀನಿ, ವಾರಕ್ಕೆ ಮೂರು ದಿನ ಬನ್ನಿ, ನಾಲ್ಕು ದಿನ ಬನ್ನಿ…

ಅನ್ನಲ್ಲ. ಅಲ್ವಾ? "ಹೇಳಿದ್ದೆ" ಅಂತಾನೂ ಅನ್ನಲ್ಲ. ಅನ್ನಿ ಮತ್ತೆ! "ಬರೆದು ಕಳಿಸಿದ್ದೆ" ಅಂತ ಬಾಯಿ ಬಿಟ್ಟು ಅನ್ನಿ! ನನ್ನ ಬಾಯಿಂದಲೇ ಬರಲಿ ಅಂತ ಕೂತಿದ್ದೀರಾ…

ನೋಡಿದ್ರಾ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ನೀವು ಕಳ್ಳಿ ಅಂತಾನೂ ಅನ್ನಲಿಲ್ಲ.

ಸ್ವಲ್ಪ ತಾಳಿ, ಪ್ಲಗ್ ತೆಗೀತೀನಿ.

ಬಂದಿತ್ತು. ನಿಮ್ಮ ಚೀಟಿ ಬಂದಿತ್ತು. ಮೂರು ವರ್ಷ ಆಗ್ತಾ ಬಂತು. ಇಸ್ತ್ರಿಯವಳು ನಾನು, ಜೇಬು ನೋಡದೆ ಬಟ್ಟೆ ಮುಟ್ಟಲ್ಲ. ನೀಲಿ ಷರ್ಟು. ನಾಲ್ಕು ಮಡಿಕೆ ಮಾಡಿದ ಕಾಗದ, ಅಂಚು ಎಷ್ಟು ನೇರ ಅಂದ್ರೆ, ಬಿಚ್ಚೋ ಮೊದಲೇ ಯಾರದು ಅಂತ ಗೊತ್ತಾಯ್ತು. ಏನು ಬರೆದಿದ್ರಿ ಅಂತ ನೀವು ಹೇಳೋದು ಬೇಡ, ನಾನೇ ಹೇಳ್ತೀನಿ. "ಇವರ ಬಲಗಾಲು ನೆಲ ಉಜ್ಜುತ್ತಿದೆ. ಮಡಿಸಿದ ಹಾಳೆಗಳ ಫಾರಂ ಜೋಡಿಸುವಾಗ ಮುಂದಿನದು ಯಾವುದು ಅಂತ ತೋಚದೆ ನಿಂತುಬಿಡುತ್ತಾರೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ. ದಯವಿಟ್ಟು ದೊಡ್ಡ ಡಾಕ್ಟರಿಗೆ ತೋರಿಸಿ. ನಾನು ಹೇಳಿದರೆ ನಗುತ್ತಾರೆ. ನೀವು ಹೇಳಿದರೆ ಕೇಳುತ್ತಾರೆ."

ನೀವು ಹೇಳಿದರೆ ಕೇಳುತ್ತಾರೆ! ಅಂಥ ಮಾತು ಬರೆದಿದ್ರಿ ನೀವು, ನನಗೆ. ಆವತ್ತು ಅದು ಕಣ್ಣಿಗೇ ಬೀಳಲಿಲ್ಲ ರೀ. ನನಗೆ ಕಂಡಿದ್ದು ಬರೀ "ಬಲಗಾಲು". ನನ್ನ ಗಂಡನ ಕಾಲು! ಯಾವ ಕಾಲು ನೆಲ ಉಜ್ಜುತ್ತೆ ಅಂತ ಇವಳಿಗೆ ಗೊತ್ತು, ನನಗೆ ಗೊತ್ತಿಲ್ಲ! ಒಲೆ ಹಚ್ಚಿ ಸುಟ್ಟೆ. ಬೂದಿ ಮೇಲೆ ನೀರು ಬಿಟ್ಟೆ.

ಆಮೇಲೆ… ಆಮೇಲೆ ನನ್ನ ಕಣ್ಣಿಗೂ ಬಿತ್ತು. ಬಲಗಾಲು. ನಿಜವಾಗಿ ಉಜ್ಜುತ್ತಿತ್ತು. ಕೇಳೋಣ ಅಂತ ಬಾಯಿ ತೆರೀತಿದ್ದೆ. ಹೇಗೆ ಕೇಳಲಿ? "ಮಾತ್ರೆ ಯಾಕ್ರೀ ಬಿಟ್ರಿ" ಅಂದ್ರೆ "ನಿನಗೆ ಯಾರು ಹೇಳಿದ್ರು" ಅಂತಾರಲ್ಲ! ಇವತ್ತು ಬೇಡ, ನಾಳೆ, ನಾಳೆ ಬೇಡ, ಭಾನುವಾರ… ಹೀಗೇ ಬಚ್ಚಲಲ್ಲಿ ಬೀಳೋವರೆಗೂ. ಆಗಲೇ ಬಿಪಿ ಹಿಡಿತಕ್ಕೆ ತಂದಿದ್ರೆ ಇಷ್ಟು ಬೇಗ ಇಳೀತಿರಲಿಲ್ಲವೇನೋ, ಅಂದ್ರು ಡಾಕ್ಟರ್. "ಏನೋ" ಅಂದ್ರು. ಖಂಡಿತ ಅನ್ನಲಿಲ್ಲ. ಆ "ಏನೋ" ಹಿಡ್ಕೊಂಡೇ ನಾನು ನಿದ್ದೆ ಮಾಡೋದು.

ನೀವು ಉತ್ತರಕ್ಕೆ ಕಾದಿರಬೇಕು. ಗರ್ವದ ಹೆಂಗಸು ಅಂದ್ಕೊಂಡಿರಬೇಕು. ಅಂದ್ಕೊಳ್ಳಿ, ಅದಕ್ಕಿಂತ ಕೆಟ್ಟವಳು ನಾನು. ಯಾಕಂದ್ರೆ ಇಷ್ಟೇ ಅಲ್ಲ.

ಕೂತ್ಕೊಳ್ಳಿ. ಹೋಗ್ಬೇಡಿ. ಮಗಳಿಗೂ ಹೇಳಿಲ್ಲ ಇದನ್ನ.

ಆವತ್ತು ಸಂಜೆ ಅವರೇ ಕೇಳಿದ್ರು. "ಜೇಬಲ್ಲಿ ಒಂದು ಚೀಟಿ ಇತ್ತಲ್ಲ, ಹೊಲಿಗೆಯಮ್ಮ ನಿನಗೆ ಕೊಡು ಅಂದಿದ್ರು" ಅಂತ. ಯಾವ ಚೀಟಿ, ಅಂದೆ. "ನೀಲಿ ಷರ್ಟಲ್ಲಿ…" ಏನೂ ಇರಲಿಲ್ಲ, ಅಂದೆ. ಒಳಗೆ ಹೋಗಿ ಷರ್ಟು ಹುಡುಕಿದ್ರು. ಪ್ಯಾಂಟು ಹುಡುಕಿದ್ರು. ಕೈಚೀಲ ತಲೆಕೆಳಗು ಮಾಡಿ ಕೊಡವಿದ್ರು. ನಾನು ಇಲ್ಲೇ, ಈ ಮೇಜಿನ ಹತ್ರಾನೇ ನಿಂತು ನೋಡ್ತಿದ್ದೆ. ಬೆಳಿಗ್ಗೆ ಎದ್ದು ಇನ್ನೊಂದು ಸಲ ಹುಡುಕಿದ್ರು. ಆಮೇಲೆ ಮಂಚದ ಮೇಲೆ ಕೂತು ಎರಡೂ ಕೈ ನೋಡ್ಕೊಂಡ್ರು. "ಇಟ್ಕೊಂಡಿದ್ದು ಚೆನ್ನಾಗಿ ನೆನಪಿದೆ ಕಣೇ. ನೀನು ಇಲ್ಲ ಅಂದ ಮೇಲೆ ಇಲ್ಲ. ನನ್ನ ತಲೇನೇ ಕೆಟ್ಟಿರಬೇಕು" ಅಂದ್ರು.

ಹೆದರಿದ್ರು ರೀ. ಆ ಮುಖ… ಅಲ್ಲಿಂದ ಮುಂದೆ ಪ್ರತಿಯೊಂದನ್ನೂ ನನ್ನ ಕೇಳೋಕೆ ಶುರು ಮಾಡಿದ್ರು. ಬಾಗಿಲು ಹಾಕಿದೆನಾ? ಊಟ ಮಾಡಿದೆನಾ? ನನಗೆ… ಹೇಗೆ ಹೇಳಲಿ ನಿಮಗೆ… ನನಗೆ ಖುಷಿಯಾಯ್ತು. ನಿಮ್ಮನ್ನ ಬಿಟ್ಟು ನನ್ನ ಕೇಳ್ತಿದ್ದಾರಲ್ಲ ಅಂತ.

ಆವತ್ತು ಅವರು ಏನನ್ನೂ ಮರೆತಿರಲಿಲ್ಲ ಕಣ್ರೀ. ಒಂದು ಚೂರೂ ಮರೆತಿರಲಿಲ್ಲ.

ಏನಾದ್ರೂ ಅನ್ನಿ… ಬೈರಿ… ಏನಾದ್ರೂ…